ಸಬ್‌ಮರೀನ್ ಗೇಮ್‌ನಲ್ಲಿ ವಿಮಾನ ಪದೇ ಪದೇ ನಿಮ್ಮನ್ನೇ ಹುಡುಕಿ ಬರ್ತಿದ್ರೆ ದೋಷ ಎಲ್ಲಿದೆ?

ಲಕ್ಷಣ ಇಷ್ಟು. ಸಮುದ್ರದ ಮೇಲೆ ಆರಾಮಾಗಿ ಹೋಗುತ್ತಿದ್ದೀರಿ, ಟೈಮ್ ಕಂಪ್ರೆಷನ್ (ಗೇಮ್ ಒಳಗಿನ ಸಮಯ ಬೇಗ ಓಡಿಸುವುದು) ಏರಿಸಿದ್ದೀರಿ, ಇದ್ದಕ್ಕಿದ್ದಂತೆ ಬ್ರಿಜ್‌ನಿಂದ, ಅಂದರೆ ದೋಣಿಯ ಮೇಲೆ ಕಾವಲಿನವರು ನಿಲ್ಲುವ ಕಟ್ಟೆಯಿಂದ, "ವಿಮಾನ!" ಅಂತ ಕೂಗು ಬರುತ್ತದೆ. ಕ್ರ್ಯಾಶ್ ಡೈವ್, ಅಂದರೆ ತುರ್ತಾಗಿ ಮುಳುಗುವ ಬಟನ್, ಒತ್ತುತ್ತೀರಿ. ದೋಣಿಯ ಮೂಗು ನೀರಿಗಿಳಿಯುವಷ್ಟರಲ್ಲಿ ಬಾಂಬ್ ಬಿದ್ದಾಗಿದೆ, ಹಿಂಭಾಗಕ್ಕೆ ನೀರು ನುಗ್ಗುತ್ತಿದೆ, ಅರ್ಧ ಸಿಬ್ಬಂದಿ ಇಲ್ಲ. ಸೈಲೆಂಟ್ ಹಂಟರ್ 3 ಆಗಲಿ, 4 ಆಗಲಿ, ಯೂಬೋಟ್ ಆಗಲಿ, ಎರಡನೇ ಮಹಾಯುದ್ಧದ ಈ ಸಬ್‌ಮರೀನ್ ಗೇಮ್‌ಗಳಲ್ಲಿ ಎಲ್ಲ ಕಡೆ ಇದೇ ಗೋಳು.

ಆಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಇನ್ನೂ ಬೇಗ ಡೈವ್ ಮಾಡೋದು ಹೇಗೆ ಅಂತ. ಆ ಪ್ರಶ್ನೆ ಬಿಟ್ಟುಬಿಡಿ. ಟೈಪ್ 7 ಎಂಬ ಜರ್ಮನ್ ಮಾದರಿಯ ದೋಣಿ ನೀರೊಳಗೆ ಹೋಗೋದಕ್ಕೆ ಸುಮಾರು 30 ಸೆಕೆಂಡ್ ಬೇಕು, ಅದಕ್ಕಿಂತ ದೊಡ್ಡ ಟೈಪ್ 9ಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ಒಳ್ಳೆ ಸಿಬ್ಬಂದಿ ಇದ್ದರೆ ಒಂದೆರಡು ಸೆಕೆಂಡ್ ಉಳಿಯಬಹುದು, ಅಷ್ಟೇ. ದೋಷ ಇರುವುದು ಡೈವ್‌ನಲ್ಲಲ್ಲ, ಅದಕ್ಕೆ ಮುಂಚಿನ ಎರಡು ಮೂರು ನಿಮಿಷದಲ್ಲಿ. ನಿಮ್ಮನ್ನು ಅದು ಹೇಗೆ ನೋಡಿತು? ಕಣ್ಣಿಂದಲೋ, ರೇಡಾರ್‌ನಿಂದಲೋ, ನೀವೇ ಕಳಿಸಿದ ರೇಡಿಯೋ ಸಂದೇಶದಿಂದಲೋ? ಒಂದೊಂದಕ್ಕೂ ಗುರುತು ಬೇರೆ, ಮದ್ದೂ ಬೇರೆ. ಕಾರಣ ಗೊತ್ತಿಲ್ಲದೆ ಎಲ್ಲ ಮದ್ದೂ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯುವುದೇ ಇಲ್ಲ.

ಮೊದಲು ನೋಡಬೇಕಾದ್ದು: ಯಾರು ಯಾರನ್ನು ಮೊದಲು ನೋಡಿದರು

ಮುಂದಿನ ಸಲ ಕೂಗು ಬಂದ ತಕ್ಷಣ, ಡೈವ್ ಒತ್ತಿದ ಮೇಲೂ ಪರವಾಗಿಲ್ಲ, ವಿಮಾನದ ದಿಕ್ಕು ಎಷ್ಟು ಡಿಗ್ರಿ ಅಂತ ನೋಡಿ. ಹತ್ತು ಸೆಕೆಂಡ್ ಬಿಟ್ಟು ಮತ್ತೆ ನೋಡಿ. ನೀವು ನೇರ ಹೋಗುತ್ತಿದ್ದೀರಿ, ಅದರ ದಿಕ್ಕು ಬದಲಾಗುತ್ತಲೇ ಇದೆ, ಮುಂದಕ್ಕೋ ಹಿಂದಕ್ಕೋ ಜರುಗುತ್ತಿದೆ ಅಂದರೆ ಅದು ತನ್ನ ಪಾಡಿಗೆ ಗಸ್ತು ತಿರುಗುತ್ತಿದೆ, ನಿಮ್ಮನ್ನು ಇನ್ನೂ ನೋಡಿಲ್ಲ. ದಿಕ್ಕು ಹಾಗೇ ನಿಂತಿದೆ, ದೂರ ಮಾತ್ರ ಕಡಿಮೆ ಆಗ್ತಿದೆ ಅಂದರೆ ಅದು ನಿಮ್ಮ ಮೇಲೇ ಬರುತ್ತಿದೆ. ಕೂಗು ಬಂದಾಗಲೇ ಹೀಗಿದ್ದರೆ, ನಿಮ್ಮ ಕಾವಲಿನವರು ನೋಡುವ ಎಷ್ಟೋ ಮುಂಚೆ ಅದು ನಿಮ್ಮನ್ನು ನೋಡಿಬಿಟ್ಟಿದೆ ಅಂತ ಅರ್ಥ.

ಈ ಒಂದು ಪರೀಕ್ಷೆಯಿಂದ ಸಮಸ್ಯೆ ಎರಡು ಹೋಳಾಗುತ್ತದೆ. ವಿಮಾನ ಸುಮ್ನೆ ಹಾದುಹೋಗುತ್ತಿದ್ದಾಗಲೂ ಏಟು ತಿನ್ನುತ್ತಿದ್ದೀರಿ ಅಂದರೆ ದೋಷ ನಿಮ್ಮ ಪ್ರತಿಕ್ರಿಯೆಯಲ್ಲಿದೆ. ಯಾವಾಗಲೂ ನೇರ ನಿಮ್ಮ ಮೇಲೇ ಬರುತ್ತಿದ್ದರೆ ನಿಮ್ಮಿಂದ ಏನೋ ಹೊರಗೆ ಹೋಗುತ್ತಿದೆ, ಅಥವಾ ಇರಬಾರದ ಜಾಗದಲ್ಲಿ, ಇರಬಾರದ ಹೊತ್ತಲ್ಲಿ ಇದ್ದೀರಿ.

ಲೆಕ್ಕ ಒಂದನ್ನು ತಲೆಯಲ್ಲಿಟ್ಟುಕೊಳ್ಳಿ

ಗಸ್ತು ವಿಮಾನ ಸುಮಾರು 150 ನಾಟ್ ವೇಗದಲ್ಲಿ ಬರುತ್ತದೆ ಅಂತ ಹಿಡಿಯಿರಿ. ಅಂದರೆ ನಿಮಿಷಕ್ಕೆ ಎರಡೂವರೆ ನಾಟಿಕಲ್ ಮೈಲಿ, ಸೆಕೆಂಡಿಗೆ ಸುಮಾರು 77 ಮೀಟರ್. 10 ಕಿಲೋಮೀಟರ್ ದೂರದಲ್ಲಿ ಕಂಡರೆ ನಿಮಗೆ ಸಿಗೋದು ಎರಡು ನಿಮಿಷ ಚಿಲ್ಲರೆ. 5 ಕಿಲೋಮೀಟರ್‌ನಲ್ಲಿ ಕಂಡರೆ ಒಂದು ನಿಮಿಷ. 2 ಕಿಲೋಮೀಟರ್ ಅಂದರೆ 26 ಸೆಕೆಂಡ್, ಡೈವ್ ಮುಗಿಯುವುದಕ್ಕೂ ಸಾಲದು.

ಇದರ ಮೇಲೆ ಟೈಮ್ ಕಂಪ್ರೆಷನ್ ಇಟ್ಟು ನೋಡಿ. 1024 ಪಟ್ಟು ವೇಗದಲ್ಲಿ ನಿಮ್ಮ ಒಂದು ಸೆಕೆಂಡ್ ಅಂದರೆ ಗೇಮ್ ಒಳಗೆ 17 ನಿಮಿಷ. ಅಷ್ಟರಲ್ಲಿ ವಿಮಾನ 43 ನಾಟಿಕಲ್ ಮೈಲಿ ದಾಟಿರುತ್ತದೆ. 128 ಪಟ್ಟು ಇಟ್ಟರೂ, 10 ಕಿಲೋಮೀಟರ್‌ನಲ್ಲಿ ಸಿಕ್ಕ ಆ ಎರಡು ನಿಮಿಷ ನಿಮಗೆ ಬರೀ ಒಂದು ಸೆಕೆಂಡ್. ಗೇಮ್ ತಾನಾಗಿಯೇ ವೇಗ ಇಳಿಸುತ್ತದಲ್ವಾ ಅಂತೀರಿ. ಇಳಿಸುತ್ತದೆ, ಆದರೆ ವಿಮಾನ ಕಂಡಾಗ ಎಷ್ಟಕ್ಕೆ ಇಳಿಯಬೇಕು ಅನ್ನುವ ಸೆಟ್ಟಿಂಗ್ ಇರುತ್ತದೆ, ಮಾಡ್ (ಗೇಮ್ ಬದಲಿಸಲು ಆಟಗಾರರು ಮಾಡಿದ ಫೈಲ್‌ಗಳು) ಹಾಕಿದವರದ್ದು ಬದಲಾಗಿರುತ್ತದೆ, ನೋಡಿದವರು ಕಡಿಮೆ. ಮೊದಲು ಅದನ್ನು 1ಕ್ಕೆ ಇಡಿ. ವಿಮಾನ ಓಡಾಡುವ ನೀರಲ್ಲಿ 32ರ ಮೇಲೆ ಹೋಗಬೇಡಿ. ಬೇಜಾರಾಗುತ್ತೆ, ಗೊತ್ತು. ಬೇಜಾರಾದರೆ ನೀರೊಳಗೆ ಹೋಗಿ ಅಲ್ಲಿ ವೇಗ ಏರಿಸಿ.

ಕಾವಲು ಸರಿ ಇದೆಯಾ?

ಹಗಲು, ಹವಾಮಾನ ಚೆನ್ನಾಗಿದೆ, ಆದರೂ ವಿಮಾನ 3 ಕಿಲೋಮೀಟರ್‌ಗೆ ಬಂದ ಮೇಲೇ ಕೂಗು ಬರುತ್ತಿದೆ. ಹಾಗಿದ್ದರೆ ಮೇಲೆ ನಿಂತವರ ದೋಷ. ನಿಜವಾದ ಜರ್ಮನ್ ದೋಣಿಗಳಲ್ಲಿ ಒಂದು ಪಾಳಿಗೆ ನಾಲ್ಕು ಜನ ಕಾವಲಿಗೆ ನಿಲ್ಲುತ್ತಿದ್ದರು, ಒಬ್ಬೊಬ್ಬರಿಗೆ 90 ಡಿಗ್ರಿ ಆಕಾಶ, ನಾಲ್ಕು ಗಂಟೆಗೊಮ್ಮೆ ಬದಲಿ. ತನ್ನ ಪಾಲಿನ ತುಂಡು ಬಿಟ್ಟು ಬೇರೆ ಕಡೆ ನೋಡುವಂತೆಯೇ ಇರಲಿಲ್ಲ. ಗೇಮ್‌ನಲ್ಲೂ ಲೆಕ್ಕ ಹೆಚ್ಚು ಕಡಿಮೆ ಹೀಗೇ: ಬ್ರಿಜ್ ಮೇಲೆ ಒಂದು ಜಾಗ ಖಾಲಿ ಇದ್ದರೆ, ದಣಿದವನು ನಿಂತಿದ್ದರೆ, ಕಾವಲಿನ ತರಬೇತಿ ಇಲ್ಲದ ಅಧಿಕಾರಿ ಇದ್ದರೆ, ಕಾಣುವ ದೂರ ಕುಸಿಯುತ್ತದೆ. ಸಿಬ್ಬಂದಿ ಪಟ್ಟಿ ತೆರೆದು ದಣಿವಿನ ಗೆರೆ ನೋಡಿ. ಬಿರುಗಾಳಿಯಲ್ಲಿ ಡೆಕ್ ಖಾಲಿ ಮಾಡಿಸಿ, ಹವೆ ತಿಳಿಯಾದ ಮೇಲೂ ಹಾಗೇ ಬಿಟ್ಟಿರುವುದು ಮಾಮೂಲಿ. ಅದನ್ನೂ ನೋಡಿಕೊಳ್ಳಿ.

ಕಾವಲು ಪಕ್ಕಾ ಇದ್ದರೂ ವಿಮಾನ ತಡವಾಗಿ ಕಾಣಲು ಇನ್ನೊಂದು ಕಾರಣ ಸೂರ್ಯ, ಇನ್ನೊಂದು ಮೋಡ. ಸಮುದ್ರದ ಮೇಲೆ ಗಸ್ತು ತಿರುಗುತ್ತಿದ್ದ ಬ್ರಿಟಿಷ್ ವಾಯುಪಡೆಯ ವಿಭಾಗ ಕೋಸ್ಟಲ್ ಕಮಾಂಡ್ ತನ್ನ ವಿಮಾನಗಳ ಹೊಟ್ಟೆಗೂ ಪಕ್ಕಕ್ಕೂ ಬಿಳಿ ಬಣ್ಣ ಹೊಡೆಸಿತ್ತು. ಅಟ್ಲಾಂಟಿಕ್‌ನ ಮಬ್ಬು ಆಕಾಶದಲ್ಲಿ ಕಪ್ಪು ವಿಮಾನ ದೂರದಿಂದಲೇ ಎದ್ದು ಕಾಣುತ್ತದೆ, ಬಿಳಿಯದು ಹತ್ತಿರ ಬರುವವರೆಗೂ ಕಾಣುವುದಿಲ್ಲ. ಆದ್ದರಿಂದ ಚದುರಿದ ಮೋಡ ಇರುವ ದಿನ, ಸೂರ್ಯ ಕೆಳಗಿರುವ ಬೆಳಗ್ಗೆ ಮತ್ತು ಸಂಜೆ ಹೊತ್ತು ನಿಮ್ಮ ಲೆಕ್ಕದಲ್ಲಿ ಅಪಾಯದ ಹೊತ್ತು.

ರಾತ್ರಿ ಬಂದು ಹೊಡೆದರೆ ಅದು ರೇಡಾರ್

ಕತ್ತಲು, ನೀವು ಮೇಲೆ ಬಂದು, ನೀರೊಳಗೆ ಓಡಲು ಬೇಕಾದ ಬ್ಯಾಟರಿಯನ್ನು ನಿಶ್ಚಿಂತೆಯಾಗಿ ಚಾರ್ಜ್ ಮಾಡುತ್ತಿದ್ದೀರಿ, ತಲೆ ಮೇಲೆ ಬಂದ ಮೇಲೇ ವಿಮಾನ ಕಾಣುತ್ತದೆ. ಇಲ್ಲಿ ಕಾವಲಿನವರನ್ನು ಬೈದು ಪ್ರಯೋಜನ ಇಲ್ಲ. ಈ ದೋಷ ಹಿಡಿಯಲು ಗೇಮ್‌ನ ಕ್ಯಾಲೆಂಡರ್ ನೋಡಬೇಕು, ಯಾಕಂದರೆ ಇಲ್ಲಿ ಉತ್ತರ ಇಸವಿಯ ಮೇಲೆ ನಿಂತಿದೆ.

1940, 41ರಲ್ಲಿ ಆಡುತ್ತಿದ್ದರೆ ರಾತ್ರಿ ನಿಮ್ಮ ಗೆಳೆಯ. ವಿಮಾನಗಳ ಒಂದೂವರೆ ಮೀಟರ್ ತರಂಗದ ರೇಡಾರ್ ಆಗಲೇ ಶುರುವಾಗಿತ್ತು, ಆದರೆ ಕತ್ತಲಲ್ಲಿ ಕೊನೆಯ ಗಳಿಗೆಯಲ್ಲಿ ಗುರಿ ಹಿಡಿಯಲು ಅವರಿಗೆ ಆಗುತ್ತಿರಲಿಲ್ಲ. ರೇಡಾರ್‌ಗೂ ತೀರಾ ಹತ್ತಿರ ಬಂದಮೇಲೆ ಗುರಿ ಕಳೆದುಹೋಗುತ್ತದೆ. 1942ರ ಜೂನ್‌ನಲ್ಲಿ ಲೀ ಲೈಟ್ ಬಂತು, ವಿಮಾನಕ್ಕೆ ಕಟ್ಟಿದ ದೊಡ್ಡ ಸರ್ಚ್‌ಲೈಟ್. ರೇಡಾರ್ ಹಿಡಿದು ಸದ್ದಿಲ್ಲದೆ ಬಂದು ಸುಮಾರು ಒಂದು ಮೈಲಿ ದೂರದಲ್ಲಿ ದೀಪ ಹಾಕುತ್ತಿದ್ದರು. ಮೇಲಿನ ಲೆಕ್ಕ ಹಾಕಿ ನೋಡಿ, ಒಂದು ನಾಟಿಕಲ್ ಮೈಲಿ ಅಂದರೆ 24 ಸೆಕೆಂಡ್. ಮುಳುಗಲು ಬೇಕಾದ್ದು 30. ಲೆಕ್ಕ ಅಲ್ಲೇ ಮುಗಿಯಿತು.

ಜರ್ಮನ್ನರು ಅದಕ್ಕೆ ಮಾಡಿದ್ದು ಎರಡು. ಒಂದು, ಫ್ರಾನ್ಸ್‌ನ ಪಶ್ಚಿಮಕ್ಕಿರುವ ಬಿಸ್ಕೆ ಕೊಲ್ಲಿ ದಾಟುವಾಗ ರಾತ್ರಿ ನೀರೊಳಗೆ, ಹಗಲು ಮೇಲೆ ಬಂದು ಚಾರ್ಜ್ ಮಾಡಿ ಅಂತ ಆದೇಶ. ಹಗಲಲ್ಲಾದರೆ ಕಣ್ಣಿಗಾದರೂ ಕಾಣುತ್ತದಲ್ಲ ಅಂತ. ಎರಡು, 1942ರ ಆಗಸ್ಟ್‌ನಿಂದ ಮೆಟಾಕ್ಸ್ ಎಂಬ ಗ್ರಾಹಕ (ರಿಸೀವರ್). ವಿಮಾನದ ರೇಡಾರ್ ಅಲೆ ಬಿದ್ದರೆ ಅದು ಮುಂಚೆಯೇ ಹೇಳುತ್ತದೆ. ಗೇಮ್‌ನಲ್ಲಿ ಮೆಟಾಕ್ಸ್ ಸಿಗುವ ತಿಂಗಳಿಂದ ಕೆಲವು ತಿಂಗಳು ಜೀವನ ಹಾಯಾಗಿರುವುದು ಇದರಿಂದಲೇ. ಆಮೇಲೆ 1943ರ ವಸಂತದಲ್ಲಿ 10 ಸೆಂಟಿಮೀಟರ್ ತರಂಗದ ರೇಡಾರ್ ಬಂತು. ಮೆಟಾಕ್ಸ್‌ಗೆ ಅದು ಕೇಳಿಸುವುದೇ ಇಲ್ಲ. ಆದ್ದರಿಂದ "ಮೆಟಾಕ್ಸ್ ಹಾಕಿದ್ದೇನೆ, ಆದರೂ ಎಚ್ಚರಿಕೆ ಬರ್ತಿಲ್ಲ, ಗೇಮ್‌ನಲ್ಲಿ ಬಗ್ ಇದೆ" ಅನ್ನುವ ದೂರು ಬಂದರೆ ಮೊದಲು ದಿನಾಂಕ ಕೇಳಬೇಕು. 1943ರ ಬೇಸಿಗೆ ಅಂದರೆ ಅದು ಬಗ್ ಅಲ್ಲ, ಇತಿಹಾಸ. 10 ಸೆಂಟಿಮೀಟರ್ ಹಿಡಿಯುವ ನಾಕ್ಸೋಸ್ ರಿಸೀವರ್ ಅದೇ ವರ್ಷದ ಕೊನೆ ಭಾಗದಲ್ಲಿ ಬರುತ್ತದೆ. ಅಲ್ಲಿಯವರೆಗೆ ರಾತ್ರಿ ಮೇಲೆ ಇರುವ ಹೊತ್ತನ್ನು ಚಾರ್ಜ್‌ಗೆ ಎಷ್ಟು ಬೇಕೋ ಅಷ್ಟಕ್ಕೆ ಕಡಿತ ಮಾಡಿ.

ಇನ್ನೊಂದು ಮಾತು, ಈ ಗ್ರಾಹಕಗಳು ನೀರಿನ ಮೇಲೆ ಇದ್ದಾಗ ಮಾತ್ರ ಕೆಲಸ ಮಾಡುತ್ತವೆ, ಆಂಟೆನಾ ಹೊರಗಿರಬೇಕು.

ಪೆಸಿಫಿಕ್‌ನಲ್ಲಿ ಅಮೆರಿಕನ್ ದೋಣಿ ಆಡುವವರಿಗೆ ಇದೇ ಸಮಸ್ಯೆ ತಿರುಗಾಮುರುಗಾ. ಎಸ್‌ಡಿ ರೇಡಾರ್ ಅಂತ ಒಂದಿದೆ, ವಿಮಾನ ಎಷ್ಟು ದೂರದಲ್ಲಿದೆ ಅಂತ ಹೇಳುತ್ತದೆ, ಯಾವ ಕಡೆ ಅಂತ ಹೇಳುವುದಿಲ್ಲ. ಆದರೆ ಅದು ಸುತ್ತಲೂ ಅಲೆ ಬಿಡುತ್ತದೆ, ಜಪಾನಿಯರು ಅದನ್ನೇ ಹಿಡಿದು ಬರುತ್ತಾರೆ ಅಂತ ಕಮಾಂಡರ್‌ಗಳು ಅದನ್ನು ಆಗಾಗ ಕ್ಷಣ ಹೊತ್ತು ಹಾಕಿ ಆರಿಸುತ್ತಿದ್ದರು. ಸದಾ ಹಾಕಿಟ್ಟು ಆಡುತ್ತಿದ್ದರೆ, ಒಂದು ಗಸ್ತು ಆರಿಸಿಟ್ಟು ಆಡಿ ವ್ಯತ್ಯಾಸ ನೋಡಿ.

ರೇಡಿಯೋ ಕಳಿಸಿದ ಮೇಲೆ ಬರುತ್ತವೆಯೇ?

ಬೆಂಗಾವಲಿನಲ್ಲಿ ಹೋಗುವ ಸರಕು ಹಡಗುಗಳ ಗುಂಪು ಕಂಡಿತು, ವರದಿ ಕಳಿಸಿದಿರಿ, ಒಂದೆರಡು ಗಂಟೆಯಲ್ಲಿ ವಿಮಾನ ಹಾಜರ್. ಇದು ನಿಮ್ಮ ಅನುಮಾನವಲ್ಲ. ಸೈಲೆಂಟ್ ಹಂಟರ್ 3ರ ವಿಮಾನ ದಾಳಿಯ ಕಾನ್ಫಿಗ್ ಫೈಲ್ ತೆರೆದರೆ, ರೇಡಿಯೋ ಸಂದೇಶ ಕಳಿಸಿದರೆ ದಾಳಿಯ ಸಾಧ್ಯತೆ ಎಷ್ಟು ಏರಬೇಕು ಎಂಬುದಕ್ಕೆ ಒಂದು ಸಾಲೇ ಇದೆ. ರಾತ್ರಿಗೆ ಬೇರೆ ಸಾಲು, ವಿಮಾನ ನೆಲೆಯ ಗುಣಮಟ್ಟಕ್ಕೆ ಬೇರೆ. ನಿಜದಲ್ಲೂ ಹಾಗೇ ಇತ್ತು. ಎಷ್ಟೇ ಚಿಕ್ಕ ಸಂದೇಶ ಆದರೂ ದಡದಲ್ಲೂ ಹಡಗಿನಲ್ಲೂ ಕೂತವರು ಅದರ ದಿಕ್ಕು ಹಿಡಿಯುತ್ತಿದ್ದರು.

ಪರೀಕ್ಷೆ ಸುಲಭ. ಸೇವ್ ಮಾಡಿ, ಒಂದು ಸಲ ಸಂದೇಶ ಕಳಿಸಿ ಆಡಿ, ಇನ್ನೊಂದು ಸಲ ಬಾಯಿ ಮುಚ್ಚಿಕೊಂಡು ಆಡಿ. ಸೇವ್ ಮಾಡುವಾಗ ನೀರಿನ ಮೇಲೆ ಇರಿ, ಹತ್ತಿರ ಹಡಗಾಗಲಿ ವಿಮಾನವಾಗಲಿ ಇಲ್ಲದಾಗ ಮಾಡಿ. ಇಲ್ಲದಿದ್ದರೆ ಲೋಡ್ ಆದಮೇಲೆ ಗೇಮ್ ಎಡವಟ್ಟು ಮಾಡುವುದುಂಟು. ಕಳಿಸಲೇಬೇಕು ಅಂದರೆ ಕಳಿಸಿ, ತಕ್ಷಣ ಮುಳುಗಿ, ದಾರಿ ಬದಲಿಸಿ, ಅಲ್ಲಿಂದ ಜಾಗ ಖಾಲಿ ಮಾಡಿ.

ಮುಳುಗಿದ್ದರೂ ಹೊಡೆಯುತ್ತಿದ್ದರೆ

ಇದು ಜಾಸ್ತಿ ಜನರಿಗೆ ತಲೆ ಕೆಡಿಸುವ ದೋಷ. ಪೆರಿಸ್ಕೋಪ್ ಆಳದಲ್ಲಿದ್ದೀರಿ, ಟೈಪ್ 7ಗೆ ಅದು 12, 13 ಮೀಟರ್. ಮೇಲೆ ಏನೂ ಕಾಣುವುದಿಲ್ಲ ಅಂತ ನಿಮ್ಮ ನಂಬಿಕೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ನಂಬಿಕೆ ಇದು. ಹಡಗಿನಿಂದ ನೋಡುವವನಿಗೆ ನೀರಿನ ಮೇಲ್ಮೈ ಮಾತ್ರ ಕಾಣುತ್ತದೆ, ಮೇಲಿಂದ ನೋಡುವವನಿಗೆ ನೀರಿನ ಒಳಗೂ ಕಾಣುತ್ತದೆ. ಮೆಡಿಟರೇನಿಯನ್ ಮತ್ತು ಪೆಸಿಫಿಕ್‌ನ ಉಷ್ಣ ಭಾಗದ ತಿಳಿನೀರಲ್ಲಿ ಈ ಆಳದ ದೋಣಿ ಕಪ್ಪು ನೆರಳಿನಂತೆ ಕಾಣುತ್ತದೆ. ಸೈಲೆಂಟ್ ಹಂಟರ್ 4 ಇದನ್ನು ಗೇಮ್‌ಗೂ ತಂದಿದೆ, ಅಲ್ಲಿ ಪೆರಿಸ್ಕೋಪ್ ಆಳ ಅಂದರೆ ವಿಮಾನದ ಮಟ್ಟಿಗೆ ಮೇಲೇ ಇದ್ದ ಹಾಗೆ.

ಗುರುತು ಹಿಡಿಯುವುದು ಹೀಗೆ. ಪೆರಿಸ್ಕೋಪ್ ಪೂರ್ತಿ ಇಳಿಸಿ, ಅದೇ ಆಳದಲ್ಲಿ ನಿಧಾನ ಹೋಗಿ. ಆಗ ದಾಳಿ ನಿಂತರೆ ಕಂಡಿದ್ದು ದೋಣಿಯಲ್ಲ, ಪೆರಿಸ್ಕೋಪ್ ಎಳೆಯುವ ನೊರೆ ಗೆರೆ. ಆಗಲೂ ನಿಲ್ಲದಿದ್ದರೆ ಕಂಡಿದ್ದು ದೋಣಿ, 50 ಮೀಟರ್‌ಗಾದರೂ ಇಳಿಯಿರಿ. ಆಳಕ್ಕೆ ಹೋದರೂ ಮೇಲೆ ಸರಿಯಾಗಿ ನಿಮ್ಮ ಹಿಂದೆಯೇ ಬರುತ್ತಿದ್ದರೆ ಎಣ್ಣೆ ಸೋರುತ್ತಿದೆಯೇ ಅಂತ ಹಾನಿ ಪಟ್ಟಿ ನೋಡಿ.

ಆಳದ ಬಗ್ಗೆ ಇನ್ನೂ ಒಂದು ಕಾರಣ ಇದೆ. ಯುದ್ಧದ ಶುರುವಿನಲ್ಲಿ ವಿಮಾನದ ಡೆಪ್ತ್ ಚಾರ್ಜ್‌ಗಳು (ನೀರೊಳಗೆ ಸಿಡಿಯುವ ಬಾಂಬ್‌ಗಳು) ತುಂಬಾ ಆಳದಲ್ಲಿ ಸಿಡಿಯುತ್ತಿದ್ದವು. ಆಮೇಲೆ ಬ್ರಿಟಿಷ್ ವಿಜ್ಞಾನಿಗಳು ದಾಳಿಗಳ ದಾಖಲೆ ಕೂತು ನೋಡಿ, ಏಟು ಬೀಳುವುದೇ ಇನ್ನೂ ಮುಳುಗುತ್ತಿರುವ ದೋಣಿಗೆ ಅಂತ ಕಂಡುಕೊಂಡರು. ಸಿಡಿಯುವ ಆಳವನ್ನು 25 ಅಡಿಗೆ, ಅಂದರೆ ಏಳೂವರೆ ಮೀಟರ್‌ಗೆ ಇಳಿಸಿದರು. ಆದ್ದರಿಂದ ಅರ್ಧ ಮುಳುಗಿದ ದೋಣಿಯ ಜಾಗದಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ.

ಡೈವ್ ಮಾಡೋದೋ, ನಿಂತು ಹೊಡೆಯೋದೋ?

ಇಲ್ಲಿ ದೂರ ಒಂದನ್ನೇ ನೋಡಿ ತೀರ್ಮಾನ ಮಾಡಿ. 30 ಸೆಕೆಂಡ್ ಮುಳುಗಲು, ಇನ್ನೊಂದು 20, 30 ಸೆಕೆಂಡ್ ಅಲ್ಲಿಂದ ಜರುಗಲು. ಒಟ್ಟು ಒಂದು ನಿಮಿಷ ಅಂತಿಟ್ಟುಕೊಂಡರೆ ವಿಮಾನ 5 ಕಿಲೋಮೀಟರ್ ಆಚೆ ಇರಬೇಕು. ಇದ್ದರೆ ಕಣ್ಣುಮುಚ್ಚಿ ಡೈವ್ ಮಾಡಿ. 2 ಕಿಲೋಮೀಟರ್ ಒಳಗೆ ಬಂದಿದ್ದರೆ ಡೈವ್ ಬೇಡ, ಪೂರ್ತಿ ವೇಗ, ಚುಕ್ಕಾಣಿ ಪೂರ್ತಿ ತಿರುಗಿಸಿ, ವಿಮಾನಕ್ಕೆ ಹೊಡೆಯುವ ಫ್ಲಾಕ್ ಗನ್‌ಗೆ ಜನ ಹಾಕಿ. ಅದು ಹೊಡೆದು ದಾಟಿಹೋಗಿ ದೊಡ್ಡ ಸುತ್ತು ತಿರುಗುವ ಹೊತ್ತಿದೆಯಲ್ಲ, ಆಗ ಮುಳುಗಿ. ನಡುವಿನ ದೂರದಲ್ಲಿ ನನ್ನ ಮತ ಡೈವ್ ಕಡೆಗೇ, ಒಂದೇ ಷರತ್ತು, ಮೇಲೆ ನಾಲ್ಕು ಜನಕ್ಕಿಂತ ಜಾಸ್ತಿ ಇರಬಾರದು. ಗನ್‌ಗೆ ಜನ ಹಾಕಿಟ್ಟು ಅಡ್ಡಾಡುವ ಅಭ್ಯಾಸ ಇದ್ದರೆ ಅವರು ಒಳಗೆ ಇಳಿಯುವುದಕ್ಕೇ ಹೊತ್ತು ಹೋಗುತ್ತದೆ.

ವಿಮಾನಕ್ಕೆ ಗುಂಡು ಹೊಡೆದು ಬೀಳಿಸುವ ಚಟ ಒಂದಿರುತ್ತದೆ, ಅದು ಬೇರೆ ರೋಗ. 1943ರ ಮೇ ತಿಂಗಳಿಂದ ಹಗಲಲ್ಲಿ ಮೇಲೇ ಇದ್ದು ಹೋರಾಡಿ ಅಂತ ಜರ್ಮನ್ ಸಬ್‌ಮರೀನ್‌ಗಳ ಮುಖ್ಯಸ್ಥ ಡ್ಯೋನಿಟ್ಸ್ ಆದೇಶ ಕೊಟ್ಟಿದ್ದರು, ಆಗಸ್ಟ್‌ನಲ್ಲಿ ವಾಪಸ್ ತೆಗೆದುಕೊಂಡರು. ಆ ಮೇ ಒಂದರಲ್ಲೇ ಎಲ್ಲ ಕಡೆ ಸೇರಿ 41 ದೋಣಿ ಹೋದವು. ಒಂದು ವಿಮಾನ ಬೀಳಿಸಿದರೂ ಅದು ಬೀಳುವ ಮುಂಚೆ ನೀವಿರುವ ಜಾಗ ಹೇಳಿರುತ್ತದೆ, ಇನ್ನು ಮೂರು ಬರುತ್ತವೆ.

ಡೈವ್ ಮಾಡುವಾಗಿನ ಒಂದು ಮುಖ್ಯ ವಿಷಯ, ಚುಕ್ಕಾಣಿ. ಮುಳುಗುವ ಮುಂಚೆಯೇ ತಿರುಗಿಸಿದರೆ ವೇಗ ಬೀಳುತ್ತದೆ, ಮುಳುಗುವುದು ತಡವಾಗುತ್ತದೆ. ಮುಳುಗಿದ ಮೇಲೂ ನೇರವೇ ಹೋದರೆ, ಪೈಲಟ್ ಬಾಂಬ್ ಹಾಕುವುದೇ ನೀವು ಮುಳುಗಿದಲ್ಲಿ ಏಳುವ ಸುಳಿಯ ಮುಂದಕ್ಕೆ, ಅಂದರೆ ನಿಮ್ಮ ತಲೆ ಮೇಲೆ. ದೋಣಿಯ ಮೇಲಿನ ಗೋಪುರ ನೀರೊಳಗೆ ಹೋದ ಕ್ಷಣ ಒಂದು ಕಡೆಗೆ ಪೂರ್ತಿ ತಿರುಗಿಸಿ, 60, 90 ಡಿಗ್ರಿ ಹೋಗಲಿ. ಆಮೇಲೆ ಆಳದಲ್ಲಿ ವೇಗ ಇಳಿಸಿ. 1943ರ ಮೇ ನಂತರ ಮಿತ್ರರಾಷ್ಟ್ರಗಳ ವಿಮಾನಗಳು ದೋಣಿಯ ಪ್ರೊಪೆಲರ್ ಸದ್ದು ಹಿಡಿದು ಬರುವ ಟಾರ್ಪಿಡೋ ಹಾಕುತ್ತಿದ್ದವು. ಅದು ಇರುವ ಗೇಮ್ ಅಥವಾ ಮಾಡ್‌ನಲ್ಲಿ ಪೂರ್ತಿ ವೇಗದಲ್ಲಿ ಓಡುವುದು ಅದನ್ನು ಕೈ ಬೀಸಿ ಕರೆದಂತೆ.

ಮತ್ತೆ ಮೇಲೆ ಬಂದಾಗಲೂ ಅದೇ ವಿಮಾನ ಕಾದಿದ್ದರೆ

ಹತ್ತು ನಿಮಿಷ ಬಿಟ್ಟು ಮೇಲೆ ಬಂದರೆ ಕಾದೇ ಇರುತ್ತದೆ. ವಿಮಾನದವರು ಬೇಕಂತಲೇ ದೂರ ಹೋಗಿ ಮರಳಿ ಬರುವುದಿತ್ತು. ಒಂದು ಗಂಟೆಯಾದರೂ ಕೆಳಗೇ ಇರಿ, ಹೊಸ ದಿಕ್ಕಿನಲ್ಲಿ ಹೋಗಿ, ಆಮೇಲೆ ಪೆರಿಸ್ಕೋಪ್ ಆಳಕ್ಕೆ ಬಂದು ಕಡಿಮೆ ಜೂಮ್‌ನಲ್ಲಿ ಪೂರ್ತಿ ಸುತ್ತು ಆಕಾಶ ನೋಡಿ. ತಲೆ ಮೇಲಿನ ಆಕಾಶ ನೋಡಲು ವೀಕ್ಷಣೆಯ ಪೆರಿಸ್ಕೋಪ್ ಬಳಸಿ, ದಾಳಿಯದ್ದಲ್ಲ.

ಇದಕ್ಕೆಲ್ಲ ಬ್ಯಾಟರಿ ಬೇಕು. ಟೈಪ್ 7ಸಿ ನೀರೊಳಗೆ 4 ನಾಟ್‌ನಲ್ಲಿ ಸುಮಾರು 80 ನಾಟಿಕಲ್ ಮೈಲಿ ಹೋಗುತ್ತದೆ, ಅಂದರೆ 20 ಗಂಟೆ. ಪೂರ್ತಿ ವೇಗ ಕೊಟ್ಟರೆ ಒಂದು ಗಂಟೆ ಆಚೀಚೆಯಲ್ಲಿ ಖಾಲಿ. ಬ್ಯಾಟರಿ 30 ಶೇಕಡಾದಲ್ಲಿ ಇರುವಾಗ ವಿಮಾನ ಬಂದರೆ ನಿಮ್ಮ ಎಲ್ಲ ದಾರಿಯೂ ಮುಚ್ಚಿದಂತೆ, ಹಾಗಾಗಿ ಅಪಾಯದ ನೀರಿಗೆ ಹೋಗುವ ಮುಂಚೆಯೇ ತುಂಬಿಸಿಕೊಳ್ಳಿ.

ಅಪಾಯದ ನೀರು ಯಾವುದು ಅಂತ ನಕ್ಷೆಯಲ್ಲೇ ಗುರುತು ಮಾಡಿಟ್ಟುಕೊಳ್ಳಿ. ಬಿಸ್ಕೆ ಕೊಲ್ಲಿ, ಜಿಬ್ರಾಲ್ಟರ್, ಐಸ್‌ಲ್ಯಾಂಡ್ ಸುತ್ತ, ಬ್ರಿಟನ್ ಕರಾವಳಿ. ಅಟ್ಲಾಂಟಿಕ್‌ನ ನಟ್ಟನಡುವೆ ವಿಮಾನ ತಲುಪದ ಒಂದು ಜಾಗ ಇತ್ತು, 1943ರ ವಸಂತದಲ್ಲಿ ಬಹುದೂರ ಹಾರುವ ಲಿಬರೇಟರ್ ವಿಮಾನಗಳು ಮತ್ತು ಬೆಂಗಾವಲು ವಿಮಾನವಾಹಕ ಹಡಗುಗಳು ಬಂದು ಅದೂ ಮುಚ್ಚಿತು. 1944ರಲ್ಲಿ ಆಡುತ್ತಿದ್ದು ಸ್ನಾರ್ಕೆಲ್ (ಮೇಲಿನ ಗಾಳಿ ಎಳೆದುಕೊಳ್ಳುವ ಕೊಳವೆ) ಸಿಕ್ಕಿದ್ದರೆ, ನೀರೊಳಗಿಂದಲೇ ಡೀಸೆಲ್ ಓಡಿಸಿ ಚಾರ್ಜ್ ಮಾಡಬಹುದು. 6 ನಾಟ್ ದಾಟಬೇಡಿ, ಹಗಲಲ್ಲಿ ಅದರ ಹೊಗೆ ಮತ್ತು ನೊರೆ ಕಾಣುತ್ತದೆ, ಡೀಸೆಲ್ ಸದ್ದಿಗೆ ನೀರೊಳಗಿನ ಸದ್ದು ಕೇಳುವ ನಿಮ್ಮ ಹೈಡ್ರೋಫೋನ್ ಕಿವುಡಾಗುತ್ತದೆ. 20, 30 ನಿಮಿಷಕ್ಕೊಮ್ಮೆ ಡೀಸೆಲ್ ನಿಲ್ಲಿಸಿ ಸುತ್ತ ಕೇಳಿಸಿಕೊಂಡು ಮತ್ತೆ ಶುರು ಮಾಡಿ.

ಇಷ್ಟೆಲ್ಲ ನೋಡಿದ ಮೇಲೂ 1940ರಲ್ಲಿ, ನಡುಸಮುದ್ರದಲ್ಲಿ, ರೇಡಿಯೋ ಮುಟ್ಟದೆ, ಕತ್ತಲಲ್ಲಿ ವಿಮಾನ ನೇರ ನಿಮ್ಮ ಮೇಲೇ ಬರುತ್ತಿದ್ದರೆ ಆಗ ಮಾಡ್ ಮೇಲೆ ಅನುಮಾನ ಪಡಿ. ಎರಡು ಮಾಡ್‌ಗಳು ಒಂದೇ ಸೆನ್ಸರ್ ಫೈಲನ್ನು (ಯಾರಿಗೆ ಎಷ್ಟು ದೂರ ಕಾಣಬೇಕು ಅಂತ ಹೇಳುವ ಫೈಲ್) ಬದಲಿಸಿರುತ್ತವೆ, ಕೊನೆಯಲ್ಲಿ ಹಾಕಿದ್ದು ಉಳಿದಿರುತ್ತದೆ. ಎಲ್ಲ ತೆಗೆದು, ಬಂದರಿನಲ್ಲಿದ್ದಾಗ ಒಂದೊಂದೇ ವಾಪಸ್ ಹಾಕಿ, ಪ್ರತಿ ಸಲ ಅದೇ ದಾರಿಯಲ್ಲಿ ಅದೇ ದಿನಾಂಕಕ್ಕೆ ಗಸ್ತು ಹೊರಟು ನೋಡಿ.